ಹಿಟ್ಟು ಮಲಗಿದ ಹೊತ್ತು

ಹಿಟ್ಟು ಒಗ್ಗೂಡಲೇ ಇಲ್ಲ. ಮುಷ್ಟಿಯಕ್ಕ ಮೊಣಕೈವರೆಗೂ ಕೈ ಇಳಿಸಿ ಮಡಚಿದರೂ, ತಿರುವಿದರೂ, ತೊಟ್ಟಿಯ ಅಂಚಿಗೆ ಒತ್ತಿ ಗುದ್ದಿದರೂ ಅದು ಜ್ವರ ಬಂದ ಮಗುವಿನ ಹಾಗೆ ತೋಳ ಮೇಲೆ ಜೋತುಬೀಳುತ್ತಿತ್ತು. ಎತ್ತಿದರೆ ಹರಿಯುತ್ತಿತ್ತು, ಬಿಟ್ಟರೆ ಹರಡುತ್ತಿತ್ತು. ಅವಳ ಮೊಣಕಾಲಿನದೂ ಅದೇ ಪಾಡು. ತೊಟ್ಟಿಗೆ ಹೊಟ್ಟೆ ಆನಿಸಿ ನಿಂತಿದ್ದಳು. ನೋಡುವವರಿಗೆ ನಾದುತ್ತಿರುವಂತೆ ಕಾಣಬೇಕು, ಬೀಳದಂತೆ ಆತುಕೊಂಡಿದ್ದಾಳೆ ಎಂದು ಗೊತ್ತಾಗಬಾರದು.

ಗೊತ್ತಾಗಿದ್ದು ಭಟ್ಟಿಯಣ್ಣನಿಗೆ. ಆ ಬ್ರೆಡ್ ಕಾರ್ಖಾನೆಯ ಭಟ್ಟಿಯ ಬಾಯಲ್ಲೇ ತಲೆ ನರೆಸಿಕೊಂಡವನು ಅವನು. ಹುಬ್ಬು ಯಾವತ್ತೋ ಸುಟ್ಟುಹೋಗಿ, ಜಗತ್ತಿನ ಯಾವ ಸುದ್ದಿ ಕೇಳಿದರೂ ಆಶ್ಚರ್ಯಪಟ್ಟಂತೆ ಕಾಣುತ್ತಿದ್ದ. ಬಂದವನೇ ತೊಟ್ಟಿಯಿಂದ ಒಂದು ಚೂರು ಕಿತ್ತು ನಾಲಿಗೆಗಿಟ್ಟುಕೊಂಡ.

"ಏ ಮುಷ್ಟಿ, ಉಪ್ಪೆಲ್ಲೇ?"

ಅವಳು ಕಟ್ಟೆಯ ಕಡೆ ನೋಡಿದಳು. ಅಳೆದಿಟ್ಟ ಉಪ್ಪಿನ ಬಟ್ಟಲು ಇಟ್ಟ ಜಾಗದಲ್ಲೇ ಇತ್ತು. ಅಲ್ಲಿ ಉಪ್ಪನ್ನು ಮೊದಲೇ ಬೆರೆಸುತ್ತಿರಲಿಲ್ಲ. ಹಿಟ್ಟು ಅರ್ಧ ನಾದಿ, ಸ್ವಲ್ಪ ಮಲಗಿಸಿ, ಆಮೇಲೆ ಉಪ್ಪು ಹಾಕಿ ಮತ್ತೆ ನಾದಬೇಕು. ಮದುವೆಯಾದ ಹೊಸದರಲ್ಲೇ ಕಲಿತ ಕೆಲಸ. ಕಣ್ಣು ಮುಚ್ಚಿದರೂ ಕೈ ತಾನಾಗಿ ಆ ಬಟ್ಟಲಿಗೆ ಹೋಗುತ್ತಿತ್ತು. ಇವತ್ತು ಕೈಯೂ ಮರೆತಿತ್ತು.

"ಯಾರೂ ನೋಡಿಲ್ಲ, ನೀರಲ್ಲಿ ಕರಗಿಸಿ ಹಾಕು, ಬೇಗ," ಅಂದ ಭಟ್ಟಿಯಣ್ಣ ತಗ್ಗಿದ ದನಿಯಲ್ಲಿ.

"ನಾನು ನೋಡ್ದೆ."

ಸೂಪರ್‌ವೈಸರ್ ಹಿಂದೆಯೇ ನಿಂತಿದ್ದ. ಕೊರಳಲ್ಲಿ ಶಿಳ್ಳೆ, ಕೈಗೆ ಹೆಜ್ಜೆ ಎಣಿಸುವ ಗಡಿಯಾರ. ಮುಷ್ಟಿಯಕ್ಕನ ಹಾಗೆ ಅವನೂ ಬ್ರೆಡ್ ಬಿಟ್ಟವನೇ, ಸೊಂಟ ಇಳಿಸಲು. ಗಾಜಿನ ಕೋಣೆಯಲ್ಲಿ ಕುರ್ಚಿಗೆ ಒರಗಿ, ಡಬ್ಬಿ ತೆರೆದು, ಮೊಟ್ಟೆ ಸೊಪ್ಪು ತಿನ್ನುವುದನ್ನು ಇಡೀ ಕಾರ್ಖಾನೆ ದಿನವೂ ನೋಡುತ್ತಿತ್ತು. ಅವನು ಮಾಡಿದರೆ ಅದು ಆರೋಗ್ಯದ ಕಾಳಜಿ. ಅವನಿಗೆ ಸುಸ್ತಾದರೆ ಅದು ಒತ್ತಡ. ಅದೇ ಸುಸ್ತು ಗಾಜಿನ ಈಚೆ ಬಂದರೆ ಮೈಗಳ್ಳತನ.

"ಏನಮ್ಮಾ, ಡಯಟ್ಟಾ? ಬ್ರೆಡ್ ಮಾಡೋಳು ಬ್ರೆಡ್ ಮುಟ್ಟಲ್ಲ ಅಂದ್ರೆ ಮೈಯಲ್ಲಿ ಕಸುವು ಎಲ್ಲಿಂದ ಬರುತ್ತೆ? ಶನಿವಾರ ದೊಡ್ಡ ಆರ್ಡರ್ ಇದೆ. ಮೊದಲ ತೊಟ್ಟಿಯಿಂದ ಕೊನೇ ತೊಟ್ಟಿವರೆಗೂ ನೀನೇ ನಿಲ್ಲು. ಒಂದು ಸಲ ಕೂತಿದ್ದು ಕಂಡ್ರೂ ಸೋಮವಾರದಿಂದ ಪ್ಯಾಕಿಂಗಿಗೆ ನಡಿ."

ಪ್ಯಾಕಿಂಗ್ ಅಂದರೆ ಅರ್ಧ ಕೂಲಿ. ಅದಕ್ಕಿಂತ ಹೆಚ್ಚಾಗಿ, ಆ ತೊಟ್ಟಿಯ ಮುಂದೆ ನಿಂತ ಮೊದಲ ಹೆಂಗಸು ಅವಳು. ಹೆಂಗಸಿನ ತೋಳಿಗೆ ಇದು ಆಗದು ಎಂದವರ ಬಾಯಿಯನ್ನು ಹಿಟ್ಟು ಗುದ್ದಿ ಗುದ್ದಿಯೇ ಮುಚ್ಚಿಸಿದ್ದಳು. ಮುಷ್ಟಿಯಕ್ಕ ಎಂಬ ಹೆಸರು ಬಂದದ್ದು ಹಾಗೆ. ಕಾರ್ಖಾನೆಯ ಪೊಟ್ಟಣದ ಮೇಲೆ 'ಕೈಯಲ್ಲೇ ನಾದಿದ ಬ್ರೆಡ್' ಎಂದು ಅಚ್ಚಾಗಿತ್ತು. ಕೆಳಗೆ ಒಂದು ದುಂಡನೆಯ ಕೈಯ ಚಿತ್ರ. ಆ ಕೈಗೆ ಹೊಟ್ಟೆಯಿದೆ, ಕಾಲಿದೆ ಎಂದು ಎಲ್ಲೂ ಬರೆದಿರಲಿಲ್ಲ.

ಉಪ್ಪನ್ನು ನೀರಿಗೆ ಕಲಸಿ ಸುರಿದಳು. ಭಟ್ಟಿಯಣ್ಣ ಒಂದು ಕಡೆ, ಅವಳು ಒಂದು ಕಡೆ ನಿಂತು ನಾದಿದರು. ಮೊದಲು ಹಿಟ್ಟು ಜಾರಿತು, ಹರಿಯಿತು, ಮೊಂಡು ಹಿಡಿಯಿತು. ಆಮೇಲೆ ಅಂಗೈ ಕೆಳಗೆ ಏನೋ ಬಿಗಿಯಾಯಿತು. ಚೆಲ್ಲಿಬಿದ್ದದ್ದು ತನ್ನನ್ನು ತಾನೇ ಎಳೆದುಕೊಂಡು ಎದ್ದು ಕೂತಂತೆ. ಅವಳು ಕೈ ನಿಲ್ಲಿಸಿ ನೋಡುತ್ತಲೇ ಇದ್ದಳು.

"ಏನು ನೋಡ್ತಿದ್ದೀಯ? ಮೊದಲನೇ ಸಲ ನೋಡಿದಂಗೆ?"

"ಏನಿಲ್ಲಣ್ಣ," ಅಂದಳು. ಆದರೆ ತಲೆಯಲ್ಲಿ ಅತ್ತೆಯ ಮುಖ ಬಂದು ಕೂತಿತ್ತು.

ರಕ್ತದಲ್ಲಿ ಸಕ್ಕರೆ ಏರಿದೆ, ಈಗಲೇ ಎಚ್ಚೆತ್ತರೆ ಮಾತ್ರೆಯೂ ಬೇಕಾಗಲಾರದು, ಬ್ರೆಡ್ಡು, ಅನ್ನ, ಆಲೂಗಡ್ಡೆ, ಸಿಹಿ ಕಡಿಮೆ ಮಾಡಿ ಎಂದು ಕ್ಲಿನಿಕ್ಕಿನ ನರ್ಸ್ ಹೋದ ತಿಂಗಳು ಮುಷ್ಟಿಯಕ್ಕನಿಗೆ ಹೇಳಿದ್ದಳು. ಮನೆಗೆ ಬಂದು ಹೇಳಿದಾಗ ಅತ್ತೆ ಸೆರಗು ಬಿಗಿದು ಅಡುಗೆಮನೆಗೆ ನುಗ್ಗಿದ್ದಳು. "ನಂಗೆಲ್ಲಾ ಗೊತ್ತು ಕಣೇ. ಬಿಳೀದೆಲ್ಲಾ ವಿಷ. ಸಕ್ಕರೆ ಬಿಳೀದು, ಅಕ್ಕಿ ಬಿಳೀದು, ಮೈದಾ ಬಿಳೀದು. ಉಪ್ಪೇನು ಕಪ್ಪಗಿದ್ಯಾ? ಅದೂ ಬೇಡ." ಅಂದಿನಿಂದ ಮನೆಯಲ್ಲಿ ಬಿಳಿಯ ಬಣ್ಣದ ಮೇಲೆ ಯುದ್ಧ. ಲಾರಿ ಓಡಿಸುವ ಗಂಡ ಒಂದು ದಿನ ಮನೆಗೆ ಬಂದವನು ಸಪ್ಪೆ ಪಲ್ಯ ಬಾಯಿಗಿಟ್ಟು, "ಅಮ್ಮಾ, ಗೋಡೆಗೆ ಸುಣ್ಣ ಹೊಡೆಸಿದ್ದೀವಲ್ಲ, ಕೆರೆದು ಹಾಕ್ಲಾ?" ಎಂದು ಕೇಳಿ ಬೈಸಿಕೊಂಡು ಮತ್ತೆ ಲಾರಿ ಹತ್ತಿದ್ದ.

ಮುಷ್ಟಿಯಕ್ಕ ನಕ್ಕಿರಲಿಲ್ಲ. ಅವಳ ಅಪ್ಪನೂ ಇದೇ ತೊಟ್ಟಿಯಲ್ಲಿ ನಾದಿದವನು. ಆಗಲೂ ಈಗಲೂ ಕೆಲಸದ ಹೊತ್ತಿನಲ್ಲಿ ಊಟಕ್ಕೆ ಬಿಡುವು ಇರಲಿಲ್ಲ, ಹೊರಗಿನ ತಿಂಡಿ ಒಳಗೆ ತರುವಂತಿರಲಿಲ್ಲ, ಇರುವೆ ಬರುತ್ತದಂತೆ. ಬಾಗಿಲ ಪಕ್ಕದ ಬುಟ್ಟಿಯಲ್ಲಿ ಮುರಿದ ಬ್ರೆಡ್, ಸೀದ ಬ್ರೆಡ್ ರಾಶಿ ಹಾಕಿರುತ್ತಿದ್ದರು. ಪುಗಸಟ್ಟೆ. ನಿಂತೇ ತಿನ್ನಬಹುದು. ಹೊಟ್ಟೆಗೆ ಕೊಟ್ಟೆವಲ್ಲ ಎಂದು ಧಣಿಗಳು ಅದನ್ನು ದಾನದ ಲೆಕ್ಕದಲ್ಲಿ ಹೇಳಿಕೊಳ್ಳುತ್ತಿದ್ದರು. ಅಪ್ಪ ಒಂದು ಜೀವಮಾನ ಆ ಬುಟ್ಟಿಯಿಂದ ತಿಂದ. ಕೊನೆಗೆ ಸಕ್ಕರೆ ಅವನ ಪಾದವನ್ನು ತಿಂದಿತು. ಆಸ್ಪತ್ರೆಯಿಂದ ಕುಂಟುತ್ತಾ ಬಂದವನ ಕೈಗೆ ಕಾರ್ಖಾನೆಯವರು ಕಾಣಿಕೆ ಎಂದು ಒಂದು ದೊಡ್ಡ ಬ್ರೆಡ್ ಇಟ್ಟು ಕಳಿಸಿದ್ದರು.

ಹಾಗಾಗಿ ಬುಟ್ಟಿಯ ಮುಂದೆ ಹಾದುಹೋಗುವಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು. ಬಿಸಿ ಬ್ರೆಡ್ಡಿನ ವಾಸನೆ ಸೀರೆಗೆ, ಕೂದಲಿಗೆ, ಕನಸಿಗೂ ಅಂಟಿತ್ತು. ಬೆಳಿಗ್ಗೆ ಮನೆಯಲ್ಲಿ ತಿಂದರೆ ಮತ್ತೆ ಸಂಜೆಯೇ. ನಡುವೆ ಕಾಲಿನ ಮೀನಖಂಡ ಹಿಡಿಯುತ್ತಿತ್ತು, ತಲೆ ಗಿರ್ರೆನ್ನುತ್ತಿತ್ತು, ಟ್ರೇ ಎತ್ತಿದರೆ ಕಣ್ಣ ಮುಂದೆ ಮಿಣುಕುಹುಳ ಹಾರುತ್ತಿದ್ದವು. "ಒಂದು ತುಂಡು ತಿನ್ನೇ, ಯಾರು ಸಾಯ್ತಾರೆ," ಎಂದು ಪ್ಯಾಕಿಂಗಿನವರು ಪ್ರೀತಿಯಿಂದಲೇ ಹೇಳುತ್ತಿದ್ದರು. ತಿಂದರೆ ಅಪ್ಪನ ದಾರಿ. ತಿನ್ನದಿದ್ದರೆ ತೊಟ್ಟಿ ಹೋಗುತ್ತದೆ.

ಅವತ್ತು ಕೆಲಸ ಮುಗಿದ ಮೇಲೆ ಅವಳು ಸೀದಾ ಕ್ಲಿನಿಕ್ಕಿಗೆ ಹೋದಳು.

ನರ್ಸ್ ಬೆರಳು ಚುಚ್ಚಿ ನೋಡಿ ಮುಖವರಳಿಸಿದಳು. "ಅಬ್ಬಾ, ಸಕ್ಕರೆ ಚೆನ್ನಾಗಿ ಇಳಿದಿದೆ ಕಣ್ರೀ!" ಆಮೇಲೆ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಮತ್ತೊಮ್ಮೆ ನೋಡಿದಳು. "ಇದ್ಯಾಕೆ ಇಷ್ಟು ಕಡಿಮೆ? ಏನೇನು ತಿಂತೀರಿ?"

"ಬಿಳೀದು ಏನೂ ಇಲ್ಲ ಸಿಸ್ಟರ್. ಉಪ್ಪು ಕೂಡ."

"ಉಪ್ಪು ಬಿಡಿ ಅಂತ ನಾನ್ಯಾವಾಗ ಹೇಳ್ದೆ?"

"ನಮ್ಮತ್ತೆ ಹೇಳಿದ್ರು."

"ನಿಮ್ಮತ್ತೆ ಎಲ್ಲಿ ಓದಿದ್ರಂತೆ?"

"ನಮ್ಮನೇಲೇ."

ನರ್ಸ್ ನಗು ತಡೆಯಲಾರದೆ ಕುರ್ಚಿ ಎಳೆದುಕೊಂಡು ಕೂತಳು. ಬ್ರೆಡ್ಡು, ಅನ್ನ ಕಡಿಮೆ ಮಾಡಿದರೆ ಮೊದಮೊದಲು ಮೈ ನೀರು ಬಿಡುತ್ತದೆ, ನೀರಿನ ಜೊತೆ ಉಪ್ಪೂ ಹೋಗುತ್ತದೆ, ನೀವು ಭಟ್ಟಿಯ ಮುಂದೆ ಬೇರೆ ಬೆವರು ಸುರಿಸುತ್ತೀರಿ ಎಂದಳು. ಒಳಗಿದ್ದ ಡಾಕ್ಟರನ್ನೂ ಒಂದು ಮಾತು ಕೇಳಿಕೊಂಡು ಬಂದಳು. "ನಿಮಗೆ ಬಿಪಿ ಜಾಸ್ತಿ ಇಲ್ಲ, ಕಿಡ್ನಿ ತೊಂದರೆ ಇಲ್ಲ. ಅಡುಗೆಗೆ ಉಪ್ಪು ಹಾಕ್ಕೊಳ್ಳಿ. ಕೆಲಸದ ನಡುವೆ ನಿಂಬೆರಸಕ್ಕೆ ಚಿಟಿಕೆ ಉಪ್ಪು ಹಾಕಿ ಕುಡೀರಿ. ಮುಖ್ಯ ಅಂದ್ರೆ ಮಧ್ಯಾಹ್ನ ಊಟ ಮಾಡಿ. ಬ್ರೆಡ್ ಬಿಡಿ ಅಂದ್ರೆ ಉಪವಾಸ ಇರಿ ಅಂತಲ್ಲ. ಮೊಟ್ಟೆ, ಕಾಳು, ಸೊಪ್ಪು, ಕಡಲೆಬೀಜ. ಕೂತ್ಕೊಂಡು, ನಿಧಾನಕ್ಕೆ."

"ಉಪ್ಪಿಗೆ ಅತ್ತೇನ ಒಪ್ಪಿಸ್ತೀನಿ ಸಿಸ್ಟರ್. ಕೂತ್ಕೊಳ್ಳೋದಕ್ಕೆ ಯಾರನ್ನ ಒಪ್ಪಿಸ್ಲಿ?"

ನರ್ಸ್ ಚೀಟಿಯಲ್ಲಿ 'ಮಧ್ಯಾಹ್ನ ಊಟ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು.

ಅತ್ತೆಯನ್ನು ಒಪ್ಪಿಸುವುದೂ ಸುಲಭವಾಗಲಿಲ್ಲ. ಮುದುಕಿ ಮೊದಲು ಉಪ್ಪಿನ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ರಾತ್ರಿ ಅಡುಗೆಯ ಹೊತ್ತಿಗೆ ಅದನ್ನು ತಾನೇ ಇಳಿಸಿ, ಪಲ್ಯದ ಬಾಣಲೆಗೆ ಉಪ್ಪು ಉದುರಿಸುತ್ತಾ, "ಆ ನರ್ಸಮ್ಮಂಗೆ ಹೇಳು, ಬಿಳೀ ಬಟ್ಟೆ ಹಾಕ್ಕೊಂಡೋಳ ಮಾತು ನಾನು ಕೇಳ್ತಿರೋದು ನಿನ್ನ ಕಾಲಿಗೋಸ್ಕರ," ಎಂದಳು. ಹಾಗೆಂದವಳು ಸೊಸೆಯ ಪಾದದ ಕಡೆ ನೋಡಿ, ಬೇಗನೆ ಮುಖ ತಿರುಗಿಸಿಕೊಂಡಳು.

ಶನಿವಾರದ ಹೊತ್ತಿಗೆ ಮೀನಖಂಡ ಹಿಡಿಯುವುದು ನಿಂತಿತ್ತು. ಸುಸ್ತು ಪೂರ್ತಿ ಹೋಗಿರಲಿಲ್ಲ. ಬಾಗಿಲ ಹೊರಗೆ ನಿಂತ ಸಾಲಗಾರನ ಹಾಗೆ ಕಾಯುತ್ತಿತ್ತು. ಮುಷ್ಟಿಯಕ್ಕ ನಿಂಬೆ ನೀರಿನ ಬಾಟಲಿಯನ್ನು ತೊಟ್ಟಿಯ ಪಕ್ಕ ಇಟ್ಟುಕೊಂಡು ಮೊದಲ ಹಿಟ್ಟಿಗೆ ಕೈಹಾಕಿದಳು. ಉಪ್ಪಿನ ಬಟ್ಟಲನ್ನು ಕಣ್ಣಿಗೆ ಕಾಣುವ ಹಾಗೆ ಎದುರಿಗೇ ಇಟ್ಟಿದ್ದಳು. ಸೂಪರ್‌ವೈಸರ್ ಗಾಜಿನ ಕೋಣೆಯ ಬಾಗಿಲು ತೆರೆದಿಟ್ಟುಕೊಂಡು ನೋಡುತ್ತಿದ್ದ. ಒಂದು ತೊಟ್ಟಿ ಮುಗಿಯಿತು, ಇನ್ನೊಂದು ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಸಾಲುಸಾಲು ತೊಟ್ಟಿಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ ಹಿಟ್ಟು ಮಲಗಿಸಿದ್ದಾಯಿತು.

ಹಿಟ್ಟು ಮಲಗಿದ ಹೊತ್ತಿನಲ್ಲಿ ಅಲ್ಲಿ ಯಾರೂ ಶಬ್ದ ಮಾಡುವಂತಿರಲಿಲ್ಲ. ತೊಟ್ಟಿ ಅಲುಗಬಾರದು, ಗಾಳಿ ಬೀಸಬಾರದು, ಕಿಟಕಿ ತೆರೆಯಬಾರದು. ಹಿಟ್ಟಿಗೆ ಅಷ್ಟು ಮರ್ಯಾದೆ. ಅದನ್ನು ನಾದಿದವರು ಮಾತ್ರ ಆ ಹೊತ್ತಿನಲ್ಲಿ ಟ್ರೇ ಉಜ್ಜಬೇಕು, ನೆಲ ಒರೆಸಬೇಕು, ನಡುವೆ ಬುಟ್ಟಿಗೆ ಕೈಹಾಕಿ ಒಂದು ತುಂಡು ಬಾಯಿಗೆ ತುರುಕಿಕೊಳ್ಳಬೇಕು. ಸೂಪರ್‌ವೈಸರ್ ಶಿಳ್ಳೆ ಊದದೆ ಕೈಸನ್ನೆ ಮಾಡಿದ. ಜನ ಟ್ರೇಗಳ ಕಡೆ ಹೊರಟರು.

ಮುಷ್ಟಿಯಕ್ಕ ಹೋಗಲಿಲ್ಲ. ಕೈ ತೊಳೆದು, ಸೆರಗಿಗೆ ಒರೆಸಿ, ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿದಳು. ಕಾರ್ಖಾನೆಯ ನಟ್ಟನಡುವೆ, ಗಾಜಿನ ಕೋಣೆಗೆ ಎದುರಾಗಿ. ಕೂತಳು. ಮಡಿಲ ಮೇಲೆ ಡಬ್ಬಿ ತೆರೆದಳು. ಬೇಯಿಸಿದ ಮೊಟ್ಟೆ, ಉಪ್ಪು ಬಿದ್ದ ಸೊಪ್ಪಿನ ಪಲ್ಯ, ಕಡಲೆಬೀಜ.

ಸೂಪರ್‌ವೈಸರ್ ಓಡಿಯೇ ಬಂದ. "ಏನಿದು? ಏನು ಹೇಳಿದ್ದೆ ನಾನು? ಎದ್ದೇಳು!"

"ಕೂಗಬೇಡಿ ಸಾರ್," ಅಂದಳು ಅವಳು ಮೆಲ್ಲಗೆ. "ಹಿಟ್ಟು ಮಲಗಿದೆ."

ಯಾರೋ ಕಿಸಕ್ಕೆಂದರು. ಅವನ ದನಿ ತನ್ನಿಂತಾನೇ ತಗ್ಗಿತು; ಅದು ಅವನಿಗೂ ಅಭ್ಯಾಸವಾದ ನಿಯಮ. "ಹೊರಗಿನ ತಿಂಡಿ ಒಳಗೆ ತರಬಾರದು ಅಂತ ಗೊತ್ತಿಲ್ವಾ? ಇರುವೆ ಬರುತ್ತೆ."

"ನಿಮ್ಮ ಡಬ್ಬಿಗೆ ಬರದ ಇರುವೆ ನನ್ನ ಡಬ್ಬಿಗೆ ಯಾಕೆ ಬರುತ್ತೆ? ಅದಕ್ಕೂ ಸೂಪರ್‌ವೈಸರ್ ಯಾರು, ಕೂಲಿ ಯಾರು ಅಂತ ಗೊತ್ತಾ?"

"ಅಲ್ಲಿ ಬುಟ್ಟಿ ಇದ್ಯಲ್ಲ! ಪುಗಸಟ್ಟೆ ಕೊಡ್ತಿಲ್ವಾ?"

"ಪುಗಸಟ್ಟೆ ಅಲ್ಲ ಸಾರ್. ನಮ್ಮಪ್ಪ ಅದಕ್ಕೆ ಒಂದು ಪಾದ ಕೊಟ್ಟಿದ್ದಾನೆ." ಅವಳು ಮೊಟ್ಟೆಯನ್ನು ಎರಡು ಹೋಳು ಮಾಡಿ ಒಂದನ್ನು ಬಾಯಿಗಿಟ್ಟಳು, ನಿಧಾನವಾಗಿ ಅಗಿದಳು, ನುಂಗಿದಳು. ಇಡೀ ಕಾರ್ಖಾನೆ ಆ ನುಂಗುವುದನ್ನು ಕಾಯುತ್ತಿತ್ತು. "ನಾದಿದ್ದಕ್ಕೆ ಹಿಟ್ಟಿಗೆ ಸುಸ್ತಾಗುತ್ತೆ, ಅದಕ್ಕೆ ಮಲಗೋಕೆ ಬಿಡಬೇಕು ಅಂತ ನಿಮಗೆ ಗೊತ್ತು. ನಾದಿದ ಕೈಗೆ ಆಗೋದಿಲ್ವಾ? ಹಿಟ್ಟು ಮಲಗಿದ ಹೊತ್ತು ನಾನೂ ಕೂರ್ತೀನಿ. ಅದು ಎದ್ದ ತಕ್ಷಣ ನಾನೂ ಏಳ್ತೀನಿ. ಕೊನೇ ತೊಟ್ಟಿವರೆಗೂ ನಿಲ್ತೀನಿ, ನೋಡ್ತಿರಿ."

"ಸೋಮವಾರದಿಂದ ನೀನು ಪ್ಯಾಕಿಂಗು!"

ಆಗ ಭಟ್ಟಿಯ ಕಡೆಯಿಂದ ಪೆಟ್ಟಿಗೆ ಎಳೆಯುವ ಸದ್ದು ಬಂತು. ಭಟ್ಟಿಯಣ್ಣ ಅದನ್ನು ಅವಳ ಪಕ್ಕಕ್ಕೆ ತಂದು ಬೋರಲು ಹಾಕಿ, ಸೊಂಟ ಹಿಡಿದುಕೊಂಡು, ಅಪ್ಪಾ ಎನ್ನುತ್ತಾ ಕೂತ. "ನನ್ನನ್ನೂ ಹಾಕಿ ಸಾರ್ ಪ್ಯಾಕಿಂಗಿಗೆ. ಅಲ್ಲಿ ಹುಬ್ಬು ಬೆಳೀಬಹುದು."

ಈಗ ಯಾರಿಗೂ ನಗು ತಡೆಯಲಾಗಲಿಲ್ಲ. ಟ್ರೇ ಉಜ್ಜುತ್ತಿದ್ದವಳೊಬ್ಬಳು ನಾರು ಎಸೆದು ಬಂದು ಕೂತಳು. ಮೈದಾ ಚೀಲ ಹೊರುವವರು ಚೀಲಗಳ ಮೇಲೇ ಕೂತರು. ಪ್ಯಾಕಿಂಗಿನ ಹೆಂಗಸರು ಗೋಡೆಗೆ ಒರಗಿ ಕಾಲು ಚಾಚಿದರು. ಬುಟ್ಟಿಯ ಹತ್ತಿರ ಯಾರೂ ಹೋಗಲಿಲ್ಲ. ಸೂಪರ್‌ವೈಸರ್ ಶಿಳ್ಳೆ ಬಾಯಿಗಿಟ್ಟ. ಊದಲಿಲ್ಲ.

ಅವನ ಕಣ್ಣು ತೊಟ್ಟಿಗಳ ಮೇಲೆ ಹರಿಯಿತು. ಒದ್ದೆ ಬಟ್ಟೆಯ ಕೆಳಗೆ ಹಿಟ್ಟು ಸದ್ದಿಲ್ಲದೆ ಏರುತ್ತಿತ್ತು. ಹೊತ್ತಿಗೆ ಸರಿಯಾಗಿ ಎತ್ತಿ, ಗುದ್ದಿ, ಉಂಡೆ ಕಟ್ಟದಿದ್ದರೆ ಉಬ್ಬಿ ಉಬ್ಬಿ ಕುಸಿಯುತ್ತದೆ. ಆಮೇಲೆ ಅದು ಹಂದಿಗೆ ಹಾಕಲು ಮಾತ್ರ ಸರಿ. ಶನಿವಾರದ ಆರ್ಡರ್ ಪೂರಾ ಆ ಬಟ್ಟೆಗಳ ಕೆಳಗಿತ್ತು. ಜನರನ್ನು ಹೆದರಿಸಬಹುದು. ಹಿಟ್ಟನ್ನು ಹೆದರಿಸಲು ಬರುವುದಿಲ್ಲ. ಪೊಟ್ಟಣದ ಮೇಲಿನ ಚಿತ್ರದ ಕೈ ಎದ್ದು ಬಂದು ನಾದುವುದೂ ಇಲ್ಲ.

"ಎಷ್ಟು ಹೊತ್ತು?" ಅಂದ ಕೊನೆಗೆ.

"ಹಿಟ್ಟು ಕೇಳಿದಷ್ಟು ಹೊತ್ತು."

"ಇವತ್ತೊಂದು ದಿನ ಮಾತ್ರ."

"ದಿನಾ," ಅಂದಳು ಮುಷ್ಟಿಯಕ್ಕ.

"ದಿನಾ," ಅಂದ ಭಟ್ಟಿಯಣ್ಣ. "ದಿನಾ," ಅಂತು ಚೀಲದ ಮೇಲಿನ ದನಿ. ಯಾರೂ ಕೂಗಲಿಲ್ಲ. ಹಿಟ್ಟು ಮಲಗಿತ್ತಲ್ಲ, ಎಲ್ಲರೂ ಮೆಲುದನಿಯಲ್ಲೇ ಹೇಳಿದರು. ಕೂಗಿದ್ದರೆ ಅವನಿಗೆ ಬೈಯಲು ದಾರಿಯಿತ್ತು. ಪಿಸುಮಾತಿಗೆ ಯಾವ ನಿಯಮವೂ ಅಡ್ಡಬರುತ್ತಿರಲಿಲ್ಲ.

"ಆಯ್ತು. ದಿನಾ. ಡಬ್ಬಿ ಬೇಕಾದ್ರೂ ತನ್ನಿ. ಹಿಟ್ಟು ಕೆಟ್ಟರೆ ಮಾತ್ರ..." ಮಾತು ಮುಗಿಸದೆ ಗಾಜಿನ ಕೋಣೆಗೆ ಹೋದ. ಅಲ್ಲಿ ಅವನ ಸೊಪ್ಪಿನ ಡಬ್ಬಿ ತೆರೆದೇ ಇತ್ತು. ಅದರ ಮುಂದೆ ಕೂತನಾದರೂ ತಿನ್ನಲಿಲ್ಲ. ಈಚೆಗೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಂಡ.

ಬಟ್ಟೆಗಳು ಗುಮ್ಮಟದ ಹಾಗೆ ಏರಿದಾಗ ಮುಷ್ಟಿಯಕ್ಕನೇ ಮೊದಲು ಎದ್ದಳು. ಶಿಳ್ಳೆಗೆ ಯಾರೂ ಕಾಯಲಿಲ್ಲ. ಮೊದಲ ಗುದ್ದಿಗೇ ಹಿಟ್ಟು ಉಸ್ಸೆಂದು ಗಾಳಿ ಬಿಟ್ಟಿತು. ಭುಜದಿಂದ ಇಳಿದ ಬಲ ಸೊಂಟ ದಾಟಿ ಹಿಮ್ಮಡಿಯಲ್ಲಿ ಊರಿ ನಿಂತಿತು. ಮಡಚಿದಳು, ತಿರುವಿದಳು, ಒತ್ತಿದಳು. ಬೆವರು ತುಟಿಗೆ ಇಳಿದಾಗ ನಾಲಿಗೆಯಿಂದ ಸವರಿಕೊಂಡು ನಿಂಬೆ ನೀರಿನ ಬಾಟಲಿಗೆ ಕೈಚಾಚಿದಳು. ಮಿಣುಕುಹುಳಗಳು ಬರಲಿಲ್ಲ. ಒಂದಾದ ಮೇಲೊಂದು ತೊಟ್ಟಿ ಬರಿದಾಯಿತು, ಭಟ್ಟಿಯ ಬಾಯಿ ತುಂಬಿತು, ಖಾಲಿಯಾಯಿತು, ಮತ್ತೆ ತುಂಬಿತು. ಪ್ಯಾಕಿಂಗಿನ ಕಡೆಯಿಂದ ಯಾರೋ ಹಾಡು ಗುನುಗುತ್ತಿದ್ದರು.

ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಕೊನೆಯ ತೊಟ್ಟಿಯ ಹಿಟ್ಟು ನುಣ್ಣಗೆ, ಬಿಗಿಯಾಗಿ ಕೂತಿತ್ತು.

"ಕಾಲು ಹೇಗಿದೆಯೇ?" ಎಂದು ಭಟ್ಟಿಯಣ್ಣ ದೂರದಿಂದಲೇ ಕೇಳಿದ.

"ನೆಲದ ಮೇಲಿದೆ ಅಣ್ಣಾ," ಅಂದಳು. "ಎರಡೂ."

ಆಮೇಲೆ ಒಂದು ಬೆರಳನ್ನು ಹಿಟ್ಟಿಗೆ ಒತ್ತಿ ತೆಗೆದಳು. ಕುಳಿ ಬಿತ್ತು. ಅವಳು ಬಾಗಿ ನೋಡುತ್ತಾ ನಿಂತಳು. ಕುಳಿಯ ತಳ ಸ್ವಲ್ಪ ಸ್ವಲ್ಪವಾಗಿ, ಯಾರ ಅವಸರಕ್ಕೂ ಓಗೊಡದೆ, ಮೇಲೆ ಬರುತ್ತಿತ್ತು.