ಬೋರಲು ಬಿದ್ದ ಆರು ಕವಡೆ

ಮಾಜ್‌ಗೆ ದೃಷ್ಟಿ ಇರಲಿಲ್ಲ. ಹದಿನಾರು ವರ್ಷದವರೆಗೆ ಇತ್ತು. ಆಮೇಲೆ ಎರಡೇ ವರ್ಷದಲ್ಲಿ ಅಂಚಿನಿಂದ ಕರಗುತ್ತಾ ಬಂದು ಪೂರ್ತಿ ಹೋಯಿತು. ಹುಬ್ಬಳ್ಳಿಯ ಡಾಕ್ಟರು ನರದ ಕಾಯಿಲೆ ಎಂದರು, ಮಂಗಳೂರಿನವರೂ ಅದನ್ನೇ ಹೇಳಿದರು. ಮೂರನೆಯ ಊರಿಗೆ ಮನೆಯವರು ಹೋಗಲಿಲ್ಲ.

ಈಗ ಅವನಿಗೆ ಇಪ್ಪತ್ತೆರಡು. ಅಪ್ಪ ನೂರ್ ಅಹ್ಮದ್ ಅವರ ಎರಡು ಟೆಂಪೋಗಳು ಶಿರಸಿ, ಯಲ್ಲಾಪುರ, ಹುಬ್ಬಳ್ಳಿ ಅಂತ ಓಡುತ್ತವೆ. ಬಾಡಿಗೆಯ ಫೋನ್ ತೆಗೆಯುವುದು, ಯಾವ ಗಾಡಿ ಎಲ್ಲಿದೆ ಎಂದು ನೆನಪಿಡುವುದು ಮಾಜ್‌ನ ಕೆಲಸ. ಕಳೆದ ವರ್ಷದ ಲೋಡನ್ನೂ ಅವನು ತಾರೀಖಿನ ಸಮೇತ ಹೇಳುತ್ತಾನೆ.

ಅವನ ಫೋನಿನಲ್ಲಿ ಮುಟ್ಟಿದ್ದನ್ನೆಲ್ಲ ಓದಿ ಹೇಳುವ ದನಿಯೊಂದಿದೆ. ಕಣ್ಣು ಹೋದ ಹೊಸತರಲ್ಲಿ ಅದರ ನೆರವಿನಿಂದ ಆಟ ಆಡಲು ನೋಡಿದ್ದ. ತಾನೇ ಒಬ್ಬ ನಾಯಕನಾಗಿ ಕೋಟೆ ಕಾಡು ತಿರುಗುವ, ಯುದ್ಧ ಮಾಡುವ ಆಟಗಳು. ಎಲ್ಲಿ ಮುಟ್ಟಿದರೂ ಆ ದನಿ 'ಹೆಸರಿಲ್ಲದ ಬಟನ್, ಹೆಸರಿಲ್ಲದ ಬಟನ್' ಎನ್ನುತ್ತಿತ್ತು. ಕಣ್ಣು ಕಾಣದವರಿಗೆಂದೇ ಮಾಡಿದ ಕೆಲವು ಆಟ ಸಿಕ್ಕವು. ಎಲ್ಲ ಇಂಗ್ಲಿಷಿನವು, ಒಬ್ಬನೇ ಆಡಬೇಕಾದವು. ಒಂದು ತಿಂಗಳಲ್ಲಿ ಬೇಸರ ಬಂತು. ಆಗ ಹೈಸ್ಕೂಲಿನ ಗೆಳೆಯ ವೈಭವ, "ಫೋನ್ ಯಾಕೆ ಬೇಕು ಮಾರಾಯ? ಬಾಯಲ್ಲೇ ಆಡ್ವ" ಎಂದ.

ಹಾಗೆ ಶುರುವಾಯಿತು. ಶಿರಸಿಯ ಹತ್ತಿರದ ಇಸಳೂರಿನಲ್ಲಿ ವೈಭವನ ಮನೆ, ಹೊಸತು. ಮಹಡಿಯ ಕೋಣೆಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿ ನಾಲ್ಕು ಜನ ಸೇರುತ್ತಿದ್ದರು: ವೈಭವ, ಮಾಜ್, ಮಾಜ್‌ನ ತಂಗಿ ಹುಮಾ, ಬೈಕ್ ರಿಪೇರಿಯ ರಾಘು. ವೈಭವ ಕಥೆಗಾರ. ಅವನು ಕುರ್ಚಿಯ ಮೇಲೆ ಕೂತು, ಏಳು ಘಟ್ಟಗಳ ಒಂದು ಸುಳ್ಳು ರಾಜ್ಯದ ಕಥೆ ಹೇಳುತ್ತಿದ್ದ. ಉಳಿದವರು ಚಾಪೆಯ ಮೇಲೆ, ಒಬ್ಬೊಬ್ಬರು ಒಂದೊಂದು ನಾಯಕ. "ಎದುರಿಗೆ ಬಾಗಿಲಿದೆ, ಹಿಂದಿನಿಂದ ಕುದುರೆ ಬರ್ತಿದೆ, ಎಂತ ಮಾಡ್ತೆ?" ಎಂದು ವೈಭವ ಕೇಳಬೇಕು. ಏನು ಮಾಡುತ್ತೇನೆಂದು ಹೇಳಿ ಆರು ಕವಡೆಗಳನ್ನು ಹರಿವಾಣಕ್ಕೆ ಎಸೆಯಬೇಕು. ಬಾಯಿ ಮೇಲಾಗಿ ಎಷ್ಟು ಬಿದ್ದವೋ ಅಷ್ಟು ಬಲ. ಯುದ್ಧದಲ್ಲಿ ಆರಕ್ಕೆ ಆರೂ ಬೋರಲು ಬಿದ್ದರೆ ಸೊನ್ನೆ. ಸೊನ್ನೆ ಬಿದ್ದರೆ ನಾಯಕ ಸತ್ತ. ಸತ್ತವನ ಒಡೆಯ ಮುಂದಿನ ವಾರ ಎಲ್ಲರಿಗೂ ಬನ್ಸ್ ತಂದು, ಹೊಸ ನಾಯಕನನ್ನು ಒಂದನೆಯ ಯುದ್ಧದಿಂದ ಶುರು ಮಾಡಬೇಕು.

ಮೊದಲ ವಾರಗಳಲ್ಲಿ ಮಾಜ್ ಕವಡೆಗಳನ್ನು ತಾನೇ ಮುಟ್ಟಿ ಎಣಿಸುತ್ತಿದ್ದ. ಮುಟ್ಟುವಾಗ ಹೊರಳುತ್ತಿದ್ದವು, ಜಗಳವಾಗುತ್ತಿತ್ತು. ಅದಕ್ಕೆ ವೈಭವ ಎಲ್ಲರಿಗೂ ಒಂದೇ ನಿಯಮ ಮಾಡಿದ. ಎಸೆದವರು ಮುಟ್ಟುವ ಹಾಗಿಲ್ಲ, ಅವರ ಬಲಕ್ಕೆ ಕೂತವರು ಎಣಿಸಿ ಹೇಳಬೇಕು. ಮುಟ್ಟಿದರೆ ಸರದಿ ರದ್ದು. ಮಾಜ್‌ನ ಬಲಕ್ಕೆ ಯಾವಾಗಲೂ ಹುಮಾ ಕೂರುತ್ತಿದ್ದಳು. ಅವಳು ಬಾರದ ದಿನ ರಾಘು.

ಮೂರು ವರ್ಷದಲ್ಲಿ ರಾಘುವಿನ ಹದಿಮೂರು ನಾಯಕರು ಸತ್ತಿದ್ದರು. ಹೆಸರು ಹುಡುಕಿ ಸಾಕಾಗಿ ಈಗಿನವನಿಗೆ 'ಹದಿನಾಲ್ಕನೆಯವ' ಎಂದೇ ಇಟ್ಟಿದ್ದ. ಹುಮಾಳ ಹನ್ನೊಂದು ಮಂದಿ ಸತ್ತಿದ್ದರು. ಮಾಜ್‌ನ ನಾಯಕ ಶಂಷೇರ್ ಮಾತ್ರ ಮೊದಲ ದಿನದವನೇ. ಕೋಟೆ ಬಾಗಿಲಿನ ಕಾವಲುಗಾರನಾಗಿ ಶುರುವಾದವನು ಈಗ ನಾಲ್ಕು ಘಟ್ಟಗಳ ಸರದಾರ. ಸೊನ್ನೆ ಮಾಜ್‌ಗೆ ಒಮ್ಮೆಯೂ ಬಿದ್ದಿರಲಿಲ್ಲ.

"ನಿನ್ನ ಕೈಗೆ ಎಂತ ಹಚ್ಕಂಡ್ ಬರ್ತೆ?" ಎಂದು ರಾಘು ಕೇಳುತ್ತಿದ್ದ.

ಮಾಜ್ ಅದನ್ನು ತಮಾಷೆಯೆಂದು ತಿಳಿಯದೆ ಉತ್ತರ ಕೊಡುತ್ತಿದ್ದ. ಕವಡೆ ಅಂಗೈಯಲ್ಲಿ ಬೆಚ್ಚಗಾಗಬೇಕು. ಎತ್ತರದಿಂದ ಹಾಕಬಾರದು, ಕೆಳಗಿನಿಂದ ಜಾರಿಸಬೇಕು. ಒಂದು ಭಾನುವಾರ ಅರ್ಧ ಗಂಟೆ ಕೂತು ರಾಘುವಿನ ಮಣಿಕಟ್ಟು ಹಿಡಿದು ಕಲಿಸಿದ್ದ. ರಾಘು "ಹೂಂ, ಹೂಂ" ಎನ್ನುತ್ತಾ ಕಲಿತಿದ್ದ.

ಇನ್ನೊಂದು ನಿಯಮವಿತ್ತು. ಯಾರಿಂದಲೂ ಆಗದು ಎಂದುಕೊಂಡೇ ವೈಭವ ಅದನ್ನು ಮೊದಲ ತಿಂಗಳು ಹೇಳಿದ್ದ. ಒಂದೇ ನಾಯಕನನ್ನು ನೂರು ಯುದ್ಧ ಬದುಕಿಸಿದವರಿಗೆ ಕಥೆಗಾರನ ಕುರ್ಚಿ.

ಮಾಜ್‌ಗೆ ಆ ಕುರ್ಚಿ ಬೇಕಿತ್ತು. ಒಂದು ವರ್ಷದಿಂದ ಅವನು ತನ್ನದೇ ಕಥೆ ಕಟ್ಟುತ್ತಿದ್ದ. ಬರೆಯುವುದಿಲ್ಲವಾದ್ದರಿಂದ ಫೋನಿನಲ್ಲಿ ಮಾತಾಡಿ ಇಡುತ್ತಿದ್ದ, ನಲವತ್ತೊಂದು ರೆಕಾರ್ಡಿಂಗ್ ಆಗಿದ್ದವು. ಅವನ ರಾಜ್ಯದಲ್ಲಿ ಬೆಳಕೇ ಇಲ್ಲ. ಹೊಳೆಯ ಸದ್ದಿನಿಂದ ದಾರಿ ತಿಳಿಯಬೇಕು, ಗೋಡೆಯ ತಂಪಿನಿಂದ ಕೋಟೆ ತಿಳಿಯಬೇಕು. ಅಲ್ಲಿಗೆ ಬಂದರೆ ವೈಭವ, ಹುಮಾ, ರಾಘು ಮೂವರೂ ಹೆಜ್ಜೆ ಹೆಜ್ಜೆಗೂ ಅವನನ್ನು ಕೇಳಬೇಕು: ಮುಂದೆ ಏನಿದೆ? ಆರು ವರ್ಷದಿಂದ ಆ ಪ್ರಶ್ನೆಯನ್ನು ಅವನು ಬೇರೆಯವರಿಗೆ ಕೇಳುತ್ತಾ ಬಂದಿದ್ದ.

ನೂರನೆಯ ಯುದ್ಧದ ಭಾನುವಾರ ಐದನೆಯವಳೊಬ್ಬಳು ಬಂದಳು. ಶ್ರೀವಾಣಿ, ವೈಭವನ ಚಿಕ್ಕಪ್ಪನ ಮಗಳು, ಸಿದ್ದಾಪುರದ ಹೇರೂರಿನವಳು. ಶಿರಸಿಯಲ್ಲಿ ಬಿ.ಎ. ಓದುತ್ತಾ ಹಾಸ್ಟೆಲಿನಲ್ಲಿದ್ದಳು. ಹುಟ್ಟಿದಾಗಿನಿಂದ ಅವಳಿಗೆ ಮಂದದೃಷ್ಟಿ, ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಾಳೆ. ಕಣ್ಣು ಕಾಣದವರೂ ಆಡುವ ಆಟವಂತೆ ಎಂದು ಕೇಳಿ, ತಾನೂ ಬರುತ್ತೇನೆಂದು ಹೇಳಿ ಬಂದಿದ್ದಳು. ಕಿಟಕಿಯ ಬೆಳಕು ಬೇಕೆಂದು ಹುಮಾ ಎದ್ದು ಅವಳಿಗೆ ಜಾಗ ಬಿಟ್ಟಳು. ಆ ಜಾಗ ಮಾಜ್‌ನ ಬಲಕ್ಕಿತ್ತು.

"ಬಾಯಿ ಮೇಲಾದ್ದು ಎಷ್ಟು ಹೇಳಿ ಎಣಿಸದು, ಅಷ್ಟೇಯ?" ಶ್ರೀವಾಣಿ ವೈಭವನನ್ನು ಮನೆಮಾತಿನಲ್ಲಿ ಕೇಳಿದಳು.

"ಅಷ್ಟೇಯ" ಎಂದ ವೈಭವ.

"ಇವ್ನದು ಎಣಿಸೂದು ಸುಲಭ" ಎಂದ ರಾಘು. "ಯಾವತ್ತೂ ಚಲೋದೇ ಬೀಳೂದು."

ಯುದ್ಧ ಐದನೆಯ ಘಟ್ಟದ ಬಾಗಿಲಲ್ಲಿ. ಮೊದಲ ಎಸೆತಕ್ಕೆ ಮೂರು, ಎರಡನೆಯದಕ್ಕೆ ನಾಲ್ಕು. ಶ್ರೀವಾಣಿ ಪ್ರತಿ ಸಲ ಹರಿವಾಣದ ಮೇಲೆ ಬಗ್ಗಿ, ಒಂದೊಂದನ್ನೇ ನೋಡಿ ಹೇಳುತ್ತಿದ್ದಳು. ಕೊನೆಯ ಎಸೆತವೊಂದು ಉಳಿದಿತ್ತು. ಮಾಜ್ ಕವಡೆಗಳನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಕೆಳಗಿನಿಂದ ಜಾರಿಸಿದ. ಹರಿವಾಣಕ್ಕೆ ಹಾಸಿದ ಬಟ್ಟೆಯ ಮೇಲೆ ಅವು ಸದ್ದಿಲ್ಲದೆ ಬಿದ್ದವು.

ಶ್ರೀವಾಣಿ ಬಗ್ಗಿದಳು. ಅವಳ ಜಡೆ ಅವನ ಕೈಗೆ ತಾಗಿತು.

"ಸೊನ್ನೆ" ಎಂದಳು.

ಕೆಳಗೆ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು.

"ಸರಿ ನೋಡೇ" ಎಂದ ವೈಭವ. "ಎರಡು ಇದ್ದು."

"ಇಲ್ಲೆ ಅಣ್ಣ. ಸೊನ್ನೆ."

"ನಿಂಗೆ ಕಾಣ್ತಿಲ್ಲೆ. ಎರಡು."

"ಆನು ಮೂಗು ತಾಗ್ಸಿ ನೋಡಿದ್ದೆ. ಒಂದೂ ಬಾಯಿ ಇಲ್ಲೆ."

"ಎರಡೇ ಮಾರಾಯ್ತಿ" ಎಂದ ರಾಘು. "ನಂಗೆ ಇಲ್ಲಿಂದ ಕಾಣ್ತದಲ್ಲ. ನಿನ್ ಕಣ್ಣು ನಂಬ್ಕಂಡ್ರೆ ಮುಗೀತು ಕಥೆ."

"ಹೌದು ಭಾಯ್, ಎರಡು" ಎಂದಳು ಹುಮಾ.

ಶ್ರೀವಾಣಿ ಸುಮ್ಮನಾದಳು. ಕಣ್ಣಿನ ಮಾತು ಬಂದಾಗ ಸುಮ್ಮನಾಗುವುದು ಅವಳಿಗೆ ರೂಢಿ. ಮಾಜ್‌ಗೂ ಅದು ರೂಢಿ. ಅವಳು ಸುಮ್ಮನಾದ ರೀತಿಯೇ ಅವನಿಗೆ ಚುಚ್ಚಿತು. ಅವನು ಕೈ ಮುಂದೆ ಮಾಡಿದ.

"ಮುಟ್ಬೇಡ, ರದ್ದಾಗ್ತದೆ!" ವೈಭವ ಕುರ್ಚಿಯಿಂದಲೇ ಬಗ್ಗಿ ಅವನ ಮಣಿಕಟ್ಟು ಹಿಡಿದ. ಮಾಜ್ ಇನ್ನೊಂದು ಕೈಯನ್ನು ಹರಿವಾಣದಲ್ಲಿಟ್ಟ. ಉಬ್ಬಿದ ನುಣುಪು ಬೆನ್ನು. ಇನ್ನೊಂದು. ಬೆರಳು ಎಲ್ಲೂ ಹಲ್ಲಿನ ಸಾಲಿಗೆ ಸಿಗಲಿಲ್ಲ. ಅವನು ಗಟ್ಟಿಯಾಗಿ ಎಣಿಸಿದ. ಆರು ಬೆನ್ನು.

ಮೊದಲು ಅವನಿಗೆ ನಗು ಬಂತು.

"ನೂರನೆಯದು ಅಂತ ಮಾಡಿದ್ರಾ? ನಂಗೆ ಕುರ್ಚಿ ಸಿಗ್ಲಿ ಅಂತ?"

"ಹೌದು ಮಾರಾಯ" ಎಂದ ರಾಘು, ತಕ್ಷಣ. "ಇವತ್ತು ಒಂದಿನ."

ತೀರ ತಕ್ಷಣ ಹೇಳಿದ್ದ. ಮಾಜ್‌ನ ನಗು ನಿಂತಿತು.

"ಹುಮಾ, ನೀ ಹೇಳು."

"ಇವತ್ತೊಂದೇ ದಿನ ಅಲ್ಲ ಭಾಯ್."

"ಎಷ್ಟು ಸಲ?"

"ಗೊತ್ತಿಲ್ಲ."

"ಪುಸ್ತಕದಲ್ಲಿ ಇರ್ತದೆ" ಎಂದ ಮಾಜ್. ವೈಭವನ ಹತ್ತಿರ ಆಟದ ಪುಸ್ತಕವಿತ್ತು. ಯುದ್ಧದ ನಂಬರು, ಯಾರಿಗೆ ಎಷ್ಟು ಬಿತ್ತು, ಎಲ್ಲ ಬರೆಯುತ್ತಿದ್ದ. ವೈಭವ ಎಂಥವನೆಂದರೆ ಬಾಯಲ್ಲಿ ಸುಳ್ಳು ಹೇಳಿದರೂ ಬರೆಯುವಾಗ ಸುಳ್ಳು ಬರೆಯಲಾರ. ಮಾಜ್‌ಗೆ ಅವನು ಎಂಟನೆಯ ಕ್ಲಾಸಿನಿಂದ ಗೊತ್ತು. "ಬರ್ದಿದ್ದೆ ಅಲ್ವಾ?"

"ಸೊನ್ನೆ ಬಿದ್ದಲ್ಲೆಲ್ಲ ಒಂದು ಸಣ್ಣ ಸುತ್ತು ಹಾಕಿಟ್ಟಿದ್ದೆ" ಎಂದ ವೈಭವ. "ಲೆಕ್ಕ ತಪ್ಪಬಾರ್ದು ಅಂತ."

"ಹುಮಾ, ಓದು."

"ಬೇಡ ಭಾಯ್."

"ಶ್ರೀವಾಣಿ ಹತ್ರ ಓದಿಸ್ಲಾ?"

ಹುಮಾ ಓದಿದಳು. ಒಂಬತ್ತನೆಯ ಯುದ್ಧ. ಹದಿನಾಲ್ಕು. ಹದಿನೈದು. ಇಪ್ಪತ್ತೆರಡು. ಮಾಜ್‌ಗೆ ಪ್ರತಿಯೊಂದೂ ನೆನಪಿತ್ತು. ಹದಿನಾಲ್ಕರಲ್ಲಿ ಶಂಷೇರ್ ಒಬ್ಬನೇ ಬಾಗಿಲು ಮುರಿದಿದ್ದ. ಆ ದಿನ ಮನೆಗೆ ಹೋಗಿ ಅಮ್ಮಿಗೆ ಎರಡೆರಡು ಸಲ ಹೇಳಿದ್ದ. ತಾಯಿ ಶಾಕಿರಾ ಅಷ್ಟು ದಿನದ ಮೇಲೆ ಮಗ ಮಾತಾಡಿದನೆಂದು ಅತ್ತಿದ್ದರು. ಮೂವತ್ತೊಂದರಲ್ಲಿ ಆನೆಯ ಸೊಂಡಿಲಿನಿಂದ ತಪ್ಪಿಸಿಕೊಂಡಿದ್ದ. ಐವತ್ತರಲ್ಲಿ ರಾಘುವಿನ ನಾಯಕನನ್ನು ಹೊತ್ತು ಹೊಳೆ ದಾಟಿದ್ದ. ಹುಮಾ ಓದುತ್ತಲೇ ಇದ್ದಳು. ಅವನು ಬೆರಳು ಮಡಚುತ್ತಾ ಹೋದ. ಎರಡು ಕೈಯ ಬೆರಳು ಮುಗಿದು ಮತ್ತೆ ಮೊದಲಿನಿಂದ ಮಡಚಿದ.

"ತೊಂಬತ್ತಾರು" ಎಂದು ಹುಮಾ ಪುಸ್ತಕ ಮುಚ್ಚಿದಳು.

ಹದಿನೇಳು. ಇವತ್ತಿನದು ಬೇರೆ.

ಮಾಜ್‌ನ ಅಂಗೈಯಲ್ಲಿ ಬೆವರು ಬಂದಿತ್ತು, ಆ ಅಂಗೈಯನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಚಾಪೆಗೆ ಒರೆಸಿದ. ಆಮೇಲೆ ಹರಿವಾಣದ ಬಟ್ಟೆ ನೆನಪಾಯಿತು.

"ಬಟ್ಟೆ ಯಾಕೆ ಹಾಸಿದ್ದು? ಮೊದ್ಲು ಇರ್ಲಿಲ್ಲ. ನಿನ್ನ ಅಮ್ಮ ಮಲಗಿರ್ತಾರೆ, ಸದ್ದಾಗ್ತದೆ ಅಂದಿದ್ದೆ."

"ಬೋರಲು ಬಿದ್ರೆ ಸದ್ದು ಬೇರೆ ಬರ್ತದೆ" ಎಂದ ವೈಭವ. "ನಿಂಗೆ ಗೊತ್ತಾಗ್ತಿತ್ತು."

"ಮುಟ್ಟಬಾರ್ದು ಅನ್ನೂದೂ ಅದಕ್ಕೇ?"

"ಇಲ್ಲ, ಅದು ನಿಜವಾಗ್ಲೂ ಹೊರಳ್ತಿತ್ತು. ದೇವರಾಣೆ."

ಹುಮಾ ಹೇಳಿದಳು: "ಮೊದ್ಲು ಸುಳ್ಳು ಹೇಳಿದ್ದು ನಾನು. ಒಂಬತ್ತನೆಯದಕ್ಕೆ. ಆಟ ಶುರುವಾಗೂ ಮೊದ್ಲು ಒಂದು ವರ್ಷ ನೀ ಕೋಣೆ ಬಿಟ್ಟು ಹೊರಗೆ ಬಂದಿರ್ಲಿಲ್ಲ. ಶಂಷೇರ್ ಸತ್ರೆ ಮುಂದಿನ ವಾರ ಬರೂದಿಲ್ಲ ಅಂತ ಹೆದ್ರಿಕೆ ಆಯ್ತು. ಬಾಯಿಗೆ ಬಂತು, ಒಂದು ಅಂದೆ. ಇವ್ರಿಬ್ರೂ ಸುಮ್ನಿದ್ರು."

"ಆಮೇಲೆ?"

"ಆಮೇಲೆ ನೀ ಟೆಂಪೋ ಡ್ರೈವರ್‌ಗಳ ಹತ್ರ ಎಲ್ಲ ಹೇಳ್ಕೊಂಡು ಬಂದೆ. ನಂಗೆ ಸೊನ್ನೆ ಬೀಳೂದೇ ಇಲ್ಲ ಅಂತ. ಹೆಂಗೆ ನಿಲ್ಸೂದು?"

"ಆಟ ಅಲ್ವನಾ ಮಾರಾಯ" ಎಂದ ರಾಘು. "ನಾನು ಹದಿಮೂರು ಸಲ ಸತ್ತೆ. ಬನ್ಸ್ ತಂದೆ. ಎಂತ ಆಯ್ತು ಈಗ?"

"ನಿನ್ನ ಸಾಯ್ಲಿಕ್ಕೆ ಬಿಟ್ರು" ಎಂದ ಮಾಜ್.

ವೈಭವ ಕುರ್ಚಿಯಿಂದ ಇಳಿದ ಸದ್ದು ಕೇಳಿತು. ಕುರ್ಚಿಯನ್ನು ಎಳೆದು ಮಾಜ್‌ನ ಮೊಣಕಾಲಿಗೆ ತಾಗುವ ಹಾಗೆ ತಂದಿಟ್ಟ. "ಕೂರು. ನಿಯಮ ಗಿಯಮ ಬಿಡು. ನಿನ್ನ ಕಥೆ ಚಲೋ ಇದೆ ಅಂತ ಹುಮಾ ಹೇಳಿದ್ದಾಳೆ. ಮುಂದಿನ ವಾರದಿಂದ ನೀನೇ ಕಥೆಗಾರ."

ಮಾಜ್ ಕುರ್ಚಿಯ ಕೈಯನ್ನು ಮುಟ್ಟಿ ನೋಡಿದ. ಪ್ಲಾಸ್ಟಿಕ್ ಕುರ್ಚಿ. ಮೂರು ವರ್ಷ ಅದನ್ನು ಮರದ್ದು ಎಂದುಕೊಂಡಿದ್ದ.

"ಕೂತ್ರೆ ನೀವು ಎಸೀತೀರಿ" ಎಂದ. "ಎಷ್ಟು ಬಿತ್ತು ಅಂತ ಯಾರು ಹೇಳ್ತಾರೆ ನಂಗೆ?"

"ನಾವು."

"ಹೌದು. ನೀವು."

"ಇನ್ನು ಸುಳ್ಳು ಹೇಳೂದಿಲ್ಲ, ಮಾಜ್" ಎಂದ ವೈಭವ.

"ಅದು ನಂಗೆ ಹೆಂಗೆ ಗೊತ್ತಾಗ್ತದೆ?"

ಬಟ್ಟೆ ತೆಗೆಯುತ್ತೇವೆ, ಮುಟ್ಟಿ ಎಣಿಸು, ಕವಡೆ ಹೊರಳಿದರೆ ಹೊರಳಲಿ ಎಂದು ರಾಘು ಒಂದರ ಹಿಂದೆ ಒಂದು ಹೇಳಿದ. ಮಾಜ್‌ಗೆ ಈಗ ಹಳೆಯ ಮಾತುಗಳೆಲ್ಲ ತಲೆಗೆ ಬರುತ್ತಿದ್ದವು. ಬರೀ ಕವಡೆಯದ್ದಲ್ಲ. ನಿನ್ನ ಶರ್ಟು ಚಂದ ಇದೆ. ಡ್ರೈವರ್ ನಿನ್ನ ಹೊಗಳ್ತಿದ್ದ. ಅಂಗಡಿಯವ ನಿನ್ನ ನೋಡಿ ನಕ್ಕಿದ್ದಲ್ಲ. ಇವುಗಳಿಗೆ ಪುಸ್ತಕ ಇರಲಿಲ್ಲ, ಸುತ್ತು ಹಾಕಿದವರು ಯಾರೂ ಇರಲಿಲ್ಲ.

ಅವನು ಎದ್ದ. ಮೆಟ್ಟಿಲು ಇಳಿಯಲು ರಾಘು ಕೈ ಹಿಡಿಯಹೋದ. ಮಾಜ್ ಕೈ ಬಿಡಿಸಿಕೊಂಡು ಗೋಡೆ ಹಿಡಿದ.

"ನಾನು ಹೇಳಬಾರ್ದಿತ್ತಾ?" ಹಿಂದಿನಿಂದ ಶ್ರೀವಾಣಿ ಕೇಳಿದಳು. ಅವಳು ಮನೆಮಾತು ಬಿಟ್ಟು ಕೇಳಿದ್ದರಿಂದ ಪ್ರಶ್ನೆ ತನಗೇ ಎಂದು ಮಾಜ್‌ಗೆ ಗೊತ್ತಾಯಿತು.

"ನೀವೊಬ್ರೇ ಎಣಿಸಿದ್ದು" ಎಂದ.

ಹುಮಾ ಸ್ಕೂಟಿ ತಂದಳು. ಅವನು ಹಿಂದೆ ಕೂತ. ಯಾವಾಗಲೂ ಅವಳ ಭುಜ ಹಿಡಿಯುತ್ತಿದ್ದವನು ಇವತ್ತು ಸೀಟಿನ ಹಿಂದಿನ ಕಂಬಿ ಹಿಡಿದ. ಇಸಳೂರಿನ ತಿರುವು ದಾಟಿದ ಮೇಲೆ ಫೋನ್ ತೆಗೆದ. ಇಯರ್‌ಫೋನ್ ಹಾಕಿಕೊಳ್ಳಲಿಲ್ಲ. ಆ ದನಿ ಗಾಳಿಯಲ್ಲಿ ಹರಿದು ಹರಿದು ಹುಮಾಗೂ ಕೇಳುತ್ತಿತ್ತು.

"ರೆಕಾರ್ಡಿಂಗ್ ಒಂದು. ಅಳಿಸಲಾಗಿದೆ."

"ಭಾಯ್, ಎಂತ ಮಾಡ್ತಾ ಇದ್ದೀ?"

"ರೆಕಾರ್ಡಿಂಗ್ ಎರಡು. ಅಳಿಸಲಾಗಿದೆ."

ಅವಳು ಗಾಡಿ ಬದಿಗೆ ನಿಲ್ಲಿಸಿದಳು. "ಕೊಡು ಇಲ್ಲಿ ಫೋನು!"

"ಗಾಡಿ ಬಿಡು, ಹುಮಾ."

ಅವಳು ಬಿಟ್ಟಳು. ಬಸ್ ಸ್ಟ್ಯಾಂಡಿನ ಬಳಿ ಹಾರ್ನ್‌ಗಳ ನಡುವೆ ದನಿ ಕೇಳಿಸದಾಯಿತು, ಆಚೆ ಮತ್ತೆ ಕೇಳಿಸಿತು. ಮನೆಯ ಗೇಟಿನ ಮುಂದೆ ಅವಳು ಇಂಜಿನ್ ಬಂದ್ ಮಾಡಿದಾಗಲೂ ಅದು ಮಾತಾಡುತ್ತಿತ್ತು. ಇಬ್ಬರೂ ಇಳಿಯಲಿಲ್ಲ. ಅದು ಮುಗಿಯುವವರೆಗೆ ಹಾಗೇ ಕೂತಿದ್ದರು.

ನಲವತ್ತೊಂದು.