ಗಂಟೆಯ ಹಗ್ಗ

‘ಟಕ್’ ಎಂದಿತು. ಲಕ್ಷ್ಮಣನ ಬಲಗೈ ಹುಬ್ಬಿನ ಮಟ್ಟಕ್ಕೆ ಬಂದು ನಿಂತಿತು.

“ಬಂತ ನೋಡು, ಮುಳ್ಳು,” ಎಂದ, ಕಣ್ಣು ಮುಚ್ಚಿಕೊಂಡೇ. “ಮತ್ತ ಬೆಳದೈತಿ. ಹತ್ತ ದಿನ ಆತು, ಇಲ್ಲೇ ಹಿಡೀತೈತಿ.”

ಬಾಗಿಲ ಚೌಕಟ್ಟಿನ ರಾಟೆಗೆ ಬೆನ್ನು ಮಾಡಿ ಕೂತು, ಎಡಗೈಯಿಂದ ಹಗ್ಗ ಜಗ್ಗಿ ಬಲಗೈ ಎತ್ತುವುದು ಅವನ ದಿನದ ವ್ಯಾಯಾಮ. ಮೂರು ತಿಂಗಳ ಹಿಂದೆ ಬೆಳಗಾವಿಯಲ್ಲಿ ಭುಜದ ಆಪರೇಷನ್ ಆಗಿತ್ತು. ಎಲುಬಿನಲ್ಲಿ ಬೆಳೆದ ಮುಳ್ಳು ತಿಕ್ಕಿ ತಿಕ್ಕಿ ಸ್ನಾಯುರಜ್ಜು ಹರಿದಿತ್ತು. ಡಾಕ್ಟರು ಮುಳ್ಳನ್ನು ಕೆತ್ತಿ, ಹರಿದದ್ದನ್ನು ಹೊಲಿದಿದ್ದರು. “ಮುಳ್ಳು ಹೋತು, ನೋವು ಕಡಿಮಿ ಆಗ್ತದ. ಹೊಲಿಗಿ ಕೂಡಾಕ ಮಾತ್ರ ಟೈಮ್ ಬೇಕು,” ಎಂದಿದ್ದರು. ಸೋಮವಾರ ಮತ್ತೆ ತೋರಿಸಬೇಕು. ಕೈ ತಲೆಯ ಮೇಲೆ ಹೋದರೆ ಮೊದಲಿನಂತೆ ಖಾನಾಪುರ ಬಸ್ಸಿನ ಕಂಡಕ್ಟರ್; ಹೋಗದಿದ್ದರೆ ನಿವೃತ್ತಿಯವರೆಗೂ ಡಿಪೊದ ಕುರ್ಚಿ.

“ಕುರ್ಚಿ ಮ್ಯಾಲೆ ಕುಂತು ಯಾರಿಗೆ ‘ಇಳೀರಿ, ಉತರಾ’ ಅನ್ಲಿ? ಫೈಲಿಗಾ?”

ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದ ಸುಜಯ ದನಿ ದಪ್ಪಗೆ ಮಾಡಿ ಗಂಡನನ್ನು ಅಣಕಿಸಿದಳು. “‘ಕಾಕಾ, ಹಿಂದ ಸರೀರಿ. ಮಾವಶಿ, ಮುಂದ, ಪುಢೇ ಸರಕಾ. ಬಸ್ಸಿನ ನಡುವ ಏನ್ ಗಣಪತಿ ಕುಂದರಸೀರೇನು?’”

“ನಾ ಹಂಗ ಒದರ್ತಿದ್ದಿಲ್ಲ.”

“ನಮ್ಮ ಕಿವಿಗೆ ಕೇಳ್ರಿ.”

ರಾಟೆಯ ಈ ಹಗ್ಗ ತಂದುಕೊಟ್ಟವನು ಡ್ರೈವರ್ ದಿಗಂಬರ. ಅವನೂ ಲಕ್ಷ್ಮಣನೂ ದುಡಿದ ಹಳೆಯ ಬಸ್ಸು ಗುಜರಿಗೆ ಹೋದಾಗ ಗಂಟೆಯ ಹಗ್ಗವೊಂದನ್ನು ಬಿಚ್ಚಿಟ್ಟುಕೊಂಡಿದ್ದನಂತೆ. ಕಂಡಕ್ಟರ್ ತಲೆಯ ಮೇಲಿನ ಆ ಹಗ್ಗವನ್ನು ಒಂದು ಸಲ ಜಗ್ಗಿದರೆ ನಿಲ್ಲು, ಎರಡು ಸಲಕ್ಕೆ ಹೊರಡು. ಆ ಬಸ್ಸು ಓಡುತ್ತಿದ್ದ ಕಾಲದಲ್ಲಿ, ಮದುವೆಗೂ ಮುಂಚೆ, ಸುಜಯ ಬೆಳಗಾವಿಯ ಟಿಳಕವಾಡಿಗೆ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಒಂದು ಮುಂಜಾನೆ ಬಸ್ಸು ಹೊರಟಿತ್ತು. ಹಿಂದಿನ ಗಾಜಿನಲ್ಲಿ ಅವಳು ಓಡಿ ಬರುವುದು ಕಂಡಿತು. ಲಕ್ಷ್ಮಣ ಜಗ್ಗಿದ ರಭಸಕ್ಕೆ ಹಗ್ಗವೇ ಹರಿಯಿತು. ಅವಳು ಹತ್ತುವಷ್ಟರಲ್ಲಿ ಅವನು ಗಂಟು ಹಾಕಿ ಮುಗಿಸಿದ್ದ. ದಿಗಂಬರ ಬೆಳಗಾವಿ ಮುಟ್ಟುವತನಕ ನಕ್ಕಿದ್ದ.

“ಇನ್ನೊಮ್ಮೆ ಜಗ್ಗ್ರಿ,” ಎಂದು ಸುಜಯ ಅವನ ಬೆನ್ನ ಹಿಂದೆ ಬಂದು ನಿಂತಳು.

ಟಕ್.

“ಕಣ್ಣ ತಗೀರಿ. ನಿಮ್ಮ ಮುಳ್ಳು ರಾಟಿಗೆ ಸಿಕ್ಕೈತಿ.”

ಲಕ್ಷ್ಮಣ ತಿರುಗಿ ನೋಡಿದ. ಆ ಹಳೆಯ ಗಂಟು ರಾಟೆಯ ಬಾಯಿಗೆ ಬಂದು ಕಚ್ಚಿಕೊಂಡಿತ್ತು. ಸುಜಯ ಹಗ್ಗ ಇಳಿಸಿ ಗಂಟಿಗೆ ಉಗುರು ಹಾಕಿದಳು.

“ಬ್ಯಾಡ. ಅದು ಅವತ್ತಿಂದು.”

“ಗೊತ್ತೈತಿ. ಓಡಿ ಬಂದಾಕಿ ನಾನ.”

“ಆಸ್ಪತ್ರ್ಯಾಗ ಕೊಟ್ಟ ನೈಲಾನ್ ಹಗ್ಗ ಐತಲ್ಲ, ಅದನ್ನ ಕಟ್ಟು.”

“ಅದನ್ನ ಹಿಡದ್ರ ನಿಮಗ ಎರಡ ಮಿನಿಟಿಗೆ ಬ್ಯಾಸರ. ನಾ ನೋಡೀನಿ.”

ಗಂಟು ಬಿಡಲು ಬಹಳ ಹೊತ್ತು ಹಿಡಿಯಿತು. ಕೈಯ ಜಿಡ್ಡಿಗೆ ಕಪ್ಪಾಗಿದ್ದ ಹಗ್ಗ ಗಂಟಿನೊಳಗೆ ಮಾತ್ರ ಇನ್ನೂ ಬೆಳ್ಳಗಿತ್ತು. ಅವಳು ಹರಿದ ಎರಡೂ ತುದಿಗಳನ್ನು ಒಂದರ ಮೇಲೊಂದು ಒತ್ತಿ, ದಬ್ಬಣದಿಂದ ಒತ್ತೊತ್ತಾಗಿ ಹೊಲಿದಳು.

“ಡಾಕ್ಟರೂ ಹಿಂಗ ಹೊಲದಾರೇನು?”

“ಅವರದು ನಾ ನೋಡಿಲ್ಲ. ನಂದು ಬಿಚ್ಚಂಗಿಲ್ಲ.” ಹಗ್ಗವನ್ನು ರಾಟೆಗೇರಿಸಿ ಅವನ ಕೈಗಿತ್ತಳು. “ಸಾವಕಾಶ ಜಗ್ಗ್ರಿ. ಚಾ ಮಾಡ್ತೀನಿ.”

ಲಕ್ಷ್ಮಣ ಈ ಸಲ ಕಣ್ಣು ಮುಚ್ಚಲಿಲ್ಲ. ಕೈ ಹುಬ್ಬಿಗೆ ಬಂತು. ಹೊಲಿಗೆ ಸದ್ದಿಲ್ಲದೆ ರಾಟೆ ದಾಟಿತು. ಹಣೆ, ಆಮೇಲೆ ನೆತ್ತಿ. ನೋವಿತ್ತು, ಅವನು ಹಗ್ಗ ಸಡಿಲಿಸಲಿಲ್ಲ. ಮೇಲೆ, ಹಳೆಯ ಎತ್ತರದಲ್ಲಿ, ಬಲಗೈಯ ಬೆರಳುಗಳು ಹಗ್ಗವನ್ನು ಒಮ್ಮೆ, ಒಂದೇ ಸಲ, ಮೆಲ್ಲಗೆ ಜಗ್ಗಿದವು.

ಅಡಿಗೆಮನೆಗೆ ಹೊರಟು ತಿರುಗಿ ನೋಡಿದ್ದ ಸುಜಯ ಹೊಸ್ತಿಲಲ್ಲಿ ನಿಂತಳು.