ಕಡಯಂಪಟ್ಟಿ ರಸ್ತೆಯಲ್ಲಿ ಏನಾಗುತ್ತಿತ್ತು

ಕಡಯಂಪಟ್ಟಿಗೆ ಹೋದ ದಿನವೆಲ್ಲ ಮೋಹನ್‌ರಾಜ್ ಮನೆಗೆ ತಡವಾಗಿಯೇ ಬರುತ್ತಿದ್ದ. ಸೇಲಂನಿಂದ ಸ್ಕೂಟರಿನಲ್ಲಿ ಒಂದು ಗಂಟೆಯೂ ಹಿಡಿಯದ ದಾರಿ. ಅಲ್ಲಿನ ಮಗ್ಗದ ಮನೆಗಳಿಗೆ ಬಣ್ಣ ಹಾಕಿಸಿದ ರೇಷ್ಮೆ ನೂಲು ಕೊಟ್ಟು, ನೇಯ್ದು ಮುಗಿದ ಸೀರೆಗಳನ್ನು ತರುವುದು ಅವನ ಕೆಲಸ. ಮಧ್ಯಾಹ್ನದ ಊಟಕ್ಕೆ ಬರಬೇಕಾದವನು ಬರುವಾಗ ಬೀದಿಯಲ್ಲಿ ದೀಪ ಹತ್ತಿರುತ್ತಿತ್ತು. ಕೇಳಿದರೆ ಒಂದು ದಿನ ಪಂಕ್ಚರ್, ಇನ್ನೊಂದು ದಿನ ಸೀರೆ ಮಗ್ಗದಿಂದ ಇಳಿದಿರಲಿಲ್ಲ ಅನ್ನುತ್ತಿದ್ದ.

ಹೆಂಡತಿ ಜೀವಿತಾ ಮನೆಯಲ್ಲಿ ಮಗ್ಗ ನೇಯುತ್ತಿದ್ದಳು. ಗಂಡನ ಪ್ಯಾಂಟು ಒಗೆಯುವಾಗಲೆಲ್ಲ ಅದರ ತುದಿಗೆ ಹುಲ್ಲಿನ ಮುಳ್ಳು ಅಂಟಿಕೊಂಡಿರುವುದನ್ನು ಅವಳು ನೋಡಿದ್ದಳು. ಟಾರು ರಸ್ತೆಯಲ್ಲಿ ಹೋಗಿಬರುವವನಿಗೆ ಪೊದೆಯ ಮುಳ್ಳು ಎಲ್ಲಿಂದ ಅಂಟಿತು?

ಪಕ್ಕದ ಮನೆಯ ದೊಡ್ಡಕ್ಕನಿಗೆ ಯಾವ ಅನುಮಾನವೂ ಇರಲಿಲ್ಲ. "ಅಲ್ಲಿ ಯಾರೋ ಒಬ್ಳು ಅವ್ಳೆ ಕಣೆ. ಇನ್ನೇನ್ ಐತೆ ಇದ್ರಾಗೆ?"

ಇರಬಹುದು ಎಂದು ಜೀವಿತಾಳಿಗೂ ಅನ್ನಿಸಿತು. ಆದರೆ ಇನ್ನೊಬ್ಬಳನ್ನು ನೋಡಿಬರುವ ಗಂಡಸು ಇಷ್ಟು ಸೊರಗಿ, ಬೆವರಿ, ಊಟ ಬೇಡವೆಂದು ಗೋಡೆಗೆ ಒರಗಿ ಕೂರುತ್ತಾನೆಯೇ? ತಿಳಿದುಕೊಳ್ಳಲೇಬೇಕು ಅನ್ನಿಸಿತು. ಕಡಯಂಪಟ್ಟಿಯಲ್ಲಿ ನೆಂಟರನ್ನು ನೋಡಬೇಕೆಂದು ನೆಪ ಹೇಳಿ, ಒಂದು ದಿನ ಅವನ ಹಿಂದೆ ಸ್ಕೂಟರ್ ಹತ್ತಿದಳು.

ಹೋಗುವಾಗ ವಿಶೇಷವೇನೂ ಆಗಲಿಲ್ಲ, ಬಹಳ ನಿಧಾನವಾಗಿ ಓಡಿಸಿದ ಅಷ್ಟೆ. ವಾಪಸು ಬರುವಾಗ ಊರಾಚೆ ಒಂದು ಗುಂಡಿಗೆ ಚಕ್ರ ಬಿದ್ದು ಸ್ಕೂಟರ್ ಎಗರಿತು. ಮೋಹನ್‌ರಾಜ್ ತಕ್ಷಣ ನಿಲ್ಲಿಸಿದ.

"ಏನೋ ತಗುಲ್ತಲ್ಲ?"

"ಗುಂಡಿ ಅದು."

ಅವನು ಸ್ಕೂಟರನ್ನು ಹಿಂದಕ್ಕೆ ತಿರುಗಿಸಿದ. ಗುಂಡಿಯನ್ನು ನೋಡಿದ. ರಸ್ತೆಬದಿಯ ಹಳ್ಳಕ್ಕೆ ಇಳಿದು ಪೊದೆಗಳನ್ನು ಕೈಯಿಂದ ಸರಿಸಿ ನೋಡಿದ. ಏನೂ ಇರಲಿಲ್ಲ. ಹೊರಟರು. ಮುಂದಿನ ತಿರುವು ದಾಟುತ್ತಿದ್ದಂತೆ, "ಆ ಕಡೆ ಸರ್ಯಾಗಿ ನೋಡ್ಲಿಲ್ಲ," ಎಂದು ಮತ್ತೆ ತಿರುಗಿಸಿದ. ಆಮೇಲೆ ಇನ್ನೊಮ್ಮೆ. ಕೊನೆಗೆ ಜೀವಿತಾ ಸ್ಕೂಟರಿನಿಂದ ಇಳಿದು ಎದುರಿಗೆ ನಿಂತಳು.

"ಏನ್ ಹುಡುಕ್ತಾ ಇದ್ದೀರಿ? ನಂಗಾದ್ರೂ ಏಳಿ."

ಅವನು ತಲೆ ತಗ್ಗಿಸಿದ. "ಯಾರ್ಗೋ ಸ್ಕೂಟರ್ ಗುದ್ದಿ ಒಡ್ದ್ಬಿಟ್ಟೆ ಅನ್ಸುತ್ತೆ, ಜೀವಿ. ಮಗೂಗೋ, ಮುದುಕೀಗೋ. ಅವ್ರು ಪೊದೇಲಿ ಬಿದ್ದು ಒದ್ದಾಡ್ತಾ ಅವ್ರೆ ಅನ್ಸುತ್ತೆ. ಒಡ್ದಿಲ್ಲ ಅಂತಾನೂ ಗೊತ್ತು. ಆದ್ರೂ ಅನ್ಸುತ್ತೆ."

ಇನ್ನೊಬ್ಬಳು ಇಲ್ಲವೆಂದು ಅವಳಿಗೆ ಮೊದಲು ನಿರಾಳವಾಯಿತು. ಬೆನ್ನಿಗೇ ಭಯವಾಯಿತು. ಗೊತ್ತಿರುವುದು, ಗೊತ್ತಿಲ್ಲದಿರುವುದು ಎರಡೂ ಒಂದೇ ತಲೆಯಲ್ಲಿ ಹೇಗೆ ಇರುತ್ತವೆ ಎಂದು ದಾರಿಯುದ್ದಕ್ಕೂ ಅವನ ಬೆನ್ನು ನೋಡುತ್ತ ಯೋಚಿಸಿದಳು.

ಗುಟ್ಟು ಹೊರಬಿದ್ದ ಮೇಲೆ ಇನ್ನೊಂದು ಕಾಟ ಶುರುವಾಯಿತು. ಅವನು ಅವಳನ್ನೇ ಕೇಳತೊಡಗಿದ. ತಟ್ಟೆಯ ಮುಂದೆ ಕೂತಾಗ, ಅವಳು ನೇಯಲು ಮಗ್ಗದ ಕೆಳಗಿನ ಗುಣಿಗೆ ಕಾಲಿಳಿಸಿದಾಗ, ಬಟ್ಟೆ ಒಣಹಾಕುವಾಗ: "ನಾನು ಯಾರ್ಗೂ ಒಡ್ದಿಲ್ಲ ತಾನೆ?" "ಇಲ್ಲ," ಅನ್ನುತ್ತಿದ್ದಳು. ಮತ್ತೆ ಕೇಳುತ್ತಿದ್ದ. ಒಂದು ದಿನ ನೂಲು ತುಂಡಾಗಿ ಅವಳು ಗಂಟು ಹಾಕುತ್ತಿದ್ದಾಗ ಮತ್ತೆ ಬಂದು ನಿಂತ. ಅವಳಿಗೆ ತಡೆಯಲಾಗಲಿಲ್ಲ.

"ಊಂ, ಒಡ್ದ್ರಿ! ಓಗಿ ಪೊಲೀಸ್ ಸ್ಟೇಷನ್ನಾಗೆ ಏಳಿ!"

ಮೋಹನ್‌ರಾಜ್ ಅಂಗಿ ಹಾಕಿಕೊಂಡು ಹೊರಟ. ಸಿಟ್ಟು ಮಾಡಿಕೊಂಡನೆಂದು ಅವಳು ಮೊದಲು ತಿಳಿದಳು. ಅವನು ನಿಜವಾಗಿಯೂ ಸ್ಟೇಷನ್ ಕಡೆಗೆ ತಿರುಗಿದ್ದು ಕಂಡು ಬರಿಗಾಲಲ್ಲೇ ಓಡಿ, ಬೀದಿಯ ಕೊನೆಯಲ್ಲಿ ಅವನ ತೋಳು ಹಿಡಿದು ಎಳೆದು ತಂದಳು. ಇಬ್ಬರೂ ಹೊಸ್ತಿಲಲ್ಲಿ ಕೂತು ಅತ್ತರು.

ಸೇಲಂನಲ್ಲಿ ತೋರಿಸಿದರೆ ನೇಕಾರರ ಬೀದಿಗೆಲ್ಲ ಗೊತ್ತಾಗುತ್ತದೆಂದು ಧರ್ಮಪುರಿಗೆ ಬಸ್ಸಿನಲ್ಲಿ ಹೋದರು. ಮನಃಶಾಸ್ತ್ರಜ್ಞೆ ತಮಿಳ್‌ಸೆಲ್ವಿಯ ಕ್ಲಿನಿಕ್ಕು ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿತ್ತು. ಮನೆಯಲ್ಲಿ ಕನ್ನಡ, ಹೊರಗೆ ತಮಿಳು ಆಡುವ ಮೋಹನ್‌ರಾಜ್ ತಮಿಳಿನಲ್ಲಿ ಟೆನ್ಷನ್ನು, ನಿದ್ದೆಯಿಲ್ಲ ಎಂದೆಲ್ಲ ಸುತ್ತಿ ಬಳಸಿ ಹೇಳಿದ.

"ಆ ಯೋಚನೆ ನಿಮ್ಮ ತಲೆಯೊಳಗೆ ಯಾವ ಭಾಷೆಯಲ್ಲಿ ಬರುತ್ತದೆ?" ಎಂದು ತಮಿಳ್‌ಸೆಲ್ವಿ ಕೇಳಿದಳು.

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. "ಕನ್ನಡದಲ್ಲಿ."

"ಹಾಗಾದರೆ ಕನ್ನಡದಲ್ಲೇ ಹೇಳಿ. ನನಗೆ ಅರ್ಥವಾಗದಿದ್ದರೂ ಪರವಾಗಿಲ್ಲ."

"ನೀನು ಕೊಂದ್ಬಿಟ್ಟಿದ್ದೀಯ ಕಣ್ಲಾ," ಅಂದ ಮೋಹನ್‌ರಾಜ್. ಜೀವಿತಾ ಅದನ್ನು ತಮಿಳಿಗೆ ತಿರುಗಿಸಿ ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

ತಮಿಳ್‌ಸೆಲ್ವಿ ಅವಳ ಕಡೆ ತಿರುಗಿದಳು. "ನೀವು ಇಲ್ಲ ಅಂದರೆ, ಆ ಸಮಾಧಾನ ಅವರಿಗೆ ಎಷ್ಟು ಹೊತ್ತು ಇರುತ್ತದೆ?"

ಉತ್ತರ ಮೋಹನ್‌ರಾಜನೇ ಕೊಟ್ಟ: "ಒಂದ್ ಲೋಟ ನೀರ್ ಕುಡಿಯೋವಷ್ಟು."

ಇದು ಒಂದು ಕಾಯಿಲೆ, ತುಂಬ ಜನರಿಗೆ ಇರುತ್ತದೆ, ವಾಸಿಯಾಗುವುದೂ ಉಂಟು ಎಂದು ತಮಿಳ್‌ಸೆಲ್ವಿ ವಿವರಿಸಿದಳು. ತಿರುಗಿ ಹೋಗಿ ನೋಡುವುದೇ ಆ ಭಯಕ್ಕೆ ಊಟ. ಹೆಂಡತಿಯ "ಇಲ್ಲ" ಕೂಡ ಹಾಗೆಯೇ. ಇನ್ನುಮೇಲೆ ಅವನು ತಿರುಗಿ ನೋಡದೆ ಓಡಿಸಬೇಕು. ಅವನು ಕೇಳಿದರೆ ಅವಳು "ಗೊತ್ತಿಲ್ಲ" ಅನ್ನಬೇಕು. ಭಯ ಏರುತ್ತದೆ, ತಾನಾಗಿ ಇಳಿಯುತ್ತದೆ.

"ನಿಜವಾಗ್ಲೂ ಒಡ್ದಿದ್ರೆ?" ಎಂದು ಅವನು ಗಾಬರಿಯಿಂದ ಕೇಳಿದ.

ಹೊಡೆದಿಲ್ಲ ಎಂದು ತಮಿಳ್‌ಸೆಲ್ವಿ ಹೇಳಲಿಲ್ಲ. "ಆ ಸಂದೇಹ ಹಾಗೇ ಇರಲಿ. ಅದನ್ನು ಇಟ್ಟುಕೊಂಡೇ ಮುಂದೆ ಹೋಗಿ."

ಮೊದಲು ತಮ್ಮ ಬೀದಿಯ ಸ್ಪೀಡ್ ಬ್ರೇಕರ್. ಅದನ್ನು ದಾಟಿ ಬಂದವನು ಬಾಗಿಲಲ್ಲಿ ನಿಂತು, "ಒಡ್ದಿಲ್ಲ ತಾನೆ?" ಎಂದು ಕೇಳಿದ. "ಗೊತ್ತಿಲ್ಲ," ಅನ್ನುವುದು ಜೀವಿತಾಳಿಗೆ ಅವನಿಗೆ ನೀರು ಕೊಡದೆ ಇದ್ದಷ್ಟು ಕಷ್ಟವಾಯಿತು. ಆಮೇಲೆ ಓಮಲೂರು ರಸ್ತೆ. ಒಂದು ಸಲ ಕದ್ದು ತಿರುಗಿಹೋಗಿ ನೋಡಿ ಬಂದ. ಮನೆಗೆ ಬಂದು ತಾನೇ ಹೇಳಿದ. ಕೆಲವು ವಾರ ಹೀಗೆ ಏರಿಳಿತದಲ್ಲೇ ಹೋಯಿತು.

ಆದರೆ ಆ ಪ್ರಶ್ನೆ ಕಡಿಮೆಯಾದಂತೆ ಮನೆಯಲ್ಲಿ ಮೌನ ಹೆಚ್ಚಾಯಿತು. ಮತ್ತೆ ಧರ್ಮಪುರಿಗೆ ಹೋಗಿ ಅದನ್ನು ಹೇಳಿದಾಗ ತಮಿಳ್‌ಸೆಲ್ವಿ, "ಇದಕ್ಕೆ ಮುಂಚೆ ನೀವಿಬ್ಬರೂ ಏನು ಮಾತಾಡಿಕೊಳ್ಳುತ್ತಿದ್ದಿರಿ?" ಎಂದು ಕೇಳಿದಳು. ಇಬ್ಬರಿಗೂ ನೆನಪಿಗೆ ಬರಲಿಲ್ಲ. ಜೀವಿತಾ ಅಲ್ಲೇ, ನಿಮಗೆ ಇನ್ನೊಬ್ಬಳಿದ್ದಾಳೆ ಅಂದುಕೊಂಡಿದ್ದೆ ಎಂದು ಹೇಳಿಬಿಟ್ಟಳು.

"ಪೊದೇಲಾ?" ಅಂದ ಮೋಹನ್‌ರಾಜ್. ಜೀವಿತಾ ಅದನ್ನೂ ತಮಿಳಿಗೆ ತಿರುಗಿಸಿದಳು; ಮೂವರೂ ನಕ್ಕರು.

ಬೇಸಿಗೆಯಲ್ಲಿ ಜೀವಿತಾಳ ಅಕ್ಕನ ಮನೆಗೆಂದು ಇಬ್ಬರೂ ಕೊಳತ್ತೂರಿಗೆ ಸ್ಕೂಟರಿನಲ್ಲಿ ಹೊರಟರು. ಮೇಟ್ಟೂರಿಗೆ ಮುಂಚೆ ಒಂದು ಕಡೆ ಚಕ್ರ ಏನನ್ನೋ ಹತ್ತಿ ಇಳಿಯಿತು. ಅವನ ಹೆಗಲು ಬಿಗಿಯಿತು.

"ಜೀವಿ..."

"ಗೊತ್ತಿಲ್ಲ."

ಅವನು ನಿಲ್ಲಿಸಲಿಲ್ಲ. ಬೆವರು ಅವನ ಅಂಗಿಯ ಬೆನ್ನಿನಲ್ಲಿ ಮೂಡಿತು. ಅಣೆಕಟ್ಟು ದಾಟಿ, ನೀರು ಕಾಣಿಸಿ, ಗಾಳಿ ತಣ್ಣಗಾದ ಎಷ್ಟೋ ಹೊತ್ತಿನ ಮೇಲೆ ಅವನೇ ಬಾಯಿಬಿಟ್ಟ.

"ಈಗ ಅಷ್ಟಿಲ್ಲ ಕಣೆ. ಯಾವಾಗ ಇಳೀತು ಅಂತ ಕಾಯ್ತಾನೇ ಇದ್ದೆ, ಗೊತ್ತೇ ಆಗ್ಲಿಲ್ಲ."

"ಪೂರ್ತಿ ಓಯ್ತಾ?"

"ಇಲ್ಲ. ಐತೆ. ಹಿಂದ್ಗಡೆ ಎಲ್ಲೋ ಕೂತೈತೆ."

"ಎಂಗಿರುತ್ತೆ ಅದು? ಎದೆಯಾಗಾ, ಹೊಟ್ಟೆಯಾಗಾ?"

ಅವಳು ಇದುವರೆಗೆ ಅದನ್ನು ಕೇಳಿರಲಿಲ್ಲ. ಮೋಹನ್‌ರಾಜ್ ವೇಗ ತಗ್ಗಿಸಿ, ಸರಿಯಾದ ಮಾತಿಗಾಗಿ ತಡಕಾಡುತ್ತ, ಹೇಳಲು ಶುರುಮಾಡಿದ. ಅವಳು ಕೇಳಿಸಲೆಂದು ಮುಂದಕ್ಕೆ ಬಾಗಿ ಕೂತಳು.